ಮುಕ್ಕಾಲಿ ಟ್ರ್ಯಾಕ್ಟರಿನ ಕಡೆಗೆ ವಾಲಿದ್ದೇಕೆ

ಚಿಂತಾಮಣಿ ತಾಲ್ಲೂಕಿನಲ್ಲಿರುವ ನಮ್ಮ ಹೊಲದ ಕೊಳವೆಬಾವಿಯ ಮೋಟರು ಕಳೆದ ಬೇಸಿಗೆಯಲ್ಲಿ ಸುಟ್ಟುಹೋಯಿತು. ಈಚೆಗೆ ಮೋಟರು ಎತ್ತುವುದಕ್ಕೆ ಕ್ರೇನು ಕಟ್ಟಿದ ಗಾಡಿಗಳೇ ಬರುತ್ತವೆ. ಆದರೆ ನಮ್ಮ ಹೊಲದ ದಾರಿ ಎತ್ತಿನಗಾಡಿಯ ಕಾಲದ್ದು. ಎರಡೂ ಬದಿಗೆ ಕಲ್ಲುಕೂಚದ ಬೇಲಿ ಇರುವುದರಿಂದ ಟ್ರ್ಯಾಕ್ಟರು ನುಸುಳಬಹುದೇ ಹೊರತು ದೊಡ್ಡ ಗಾಡಿ ಒಳಗೆ ಬರಲಾರದು. ಹಾಗಾಗಿ ಹಳೆಯ ಕ್ರಮವೇ ಗತಿಯಾಯಿತು. ಮೂರು ಕಬ್ಬಿಣದ ಗಳಗಳನ್ನು ನೆತ್ತಿಯಲ್ಲಿ ಬೋಲ್ಟು ಹಾಕಿ ಜೋಡಿಸಿದ, ಸುಮಾರು 25 ಅಡಿ ಎತ್ತರ ನಿಲ್ಲುವ ಒಂದು ಮುಕ್ಕಾಲಿ; ಅದರ ನೆತ್ತಿಗೆ ಒಂದು ರಾಟೆ; ರಾಟೆಯ ಮೇಲೆ ಹಾದುಹೋಗುವ ಉಕ್ಕಿನ ಹಗ್ಗ; ಹಗ್ಗದ ಒಂದು ತುದಿಗೆ ಬೋರಿನ ಪೈಪು, ಇನ್ನೊಂದು ತುದಿಗೆ ಟ್ರ್ಯಾಕ್ಟರು. ಟ್ರ್ಯಾಕ್ಟರು ಮುಂದಕ್ಕೆ ಹೋದಷ್ಟು ಪೈಪು ಮೇಲಕ್ಕೆ ಬರುತ್ತದೆ. ಒಂದು ಪೈಪಿನುದ್ದ, ಅಂದರೆ 20 ಅಡಿ ಬಂದ ಮೇಲೆ ಕೇಸಿಂಗಿನ ಬಾಯಿಯ ಬಳಿ ಕ್ಲಾಂಪು ಬಿಗಿದು, ಮೇಲಿನ ಪೈಪನ್ನು ತಿರುಗಿಸಿ ಬಿಚ್ಚಿ, ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಮತ್ತೆ ಎಳೆಯಬೇಕು. ನಮ್ಮದು 600 ಅಡಿಯಲ್ಲಿ ಮೋಟರು ಕೂತಿರುವ ಹಳೆಯ ಬೋರು. ಒಟ್ಟು 30 ಪೈಪು.

ಮೊದಲ ಸಲ ಹಗ್ಗವನ್ನು ನೆತ್ತಿಯ ರಾಟೆಯಿಂದ ನೇರವಾಗಿ ಟ್ರ್ಯಾಕ್ಟರಿಗೆ ಕಟ್ಟಿಸಿದವನು ನಾನೇ. ಕೆಲಸದವರು ಊಟಕ್ಕೆ ಹೋಗಿದ್ದರು, ಟ್ರ್ಯಾಕ್ಟರಿನ ಹುಡುಗ ಅವಸರ ಮಾಡುತ್ತಿದ್ದ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿದ ನನಗೆ ಒಂದು ರಾಟೆಯ ಕೆಲಸ ಗೊತ್ತಿಲ್ಲವೇ ಎಂಬ ಧೈರ್ಯವಿತ್ತು. ಟ್ರ್ಯಾಕ್ಟರು ಬೋರಿನಿಂದ 25 ಅಡಿ ದೂರದಲ್ಲಿ ನಿಂತು ಹಗ್ಗವನ್ನು ಬಿಗಿಗೊಳಿಸಿತು. ಪೈಪು ಒಂದು ಗೇಣು ಮೇಲಕ್ಕೆದ್ದಿರಬಹುದು, ಅಷ್ಟರಲ್ಲಿ ಮುಕ್ಕಾಲಿಯ ಹಿಂದಿನ ಕಾಲು ನೆಲ ಬಿಟ್ಟು ನಿಧಾನವಾಗಿ ಮೇಲಕ್ಕೇಳತೊಡಗಿತು. ಇಡೀ ಚೌಕಟ್ಟು ಟ್ರ್ಯಾಕ್ಟರಿನ ಕಡೆಗೆ ತಲೆಬಾಗುತ್ತಿತ್ತು. ಹುಡುಗ ಹೆದರಿ ಕ್ಲಚ್ಚು ಒತ್ತಿದ್ದರಿಂದ ಹಗ್ಗ ಸಡಿಲಗೊಂಡು, ಕಾಲು ದೊಪ್ಪನೆ ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ ಎಂಬುದಷ್ಟೇ ಅದೃಷ್ಟ.

ಬೇಲಿಯಾಚೆಯಿಂದ ನೋಡುತ್ತಿದ್ದ, ಎಪ್ಪತ್ತು ದಾಟಿದ ಪಕ್ಕದ ಹೊಲದ ತಾತ ಒಳಗೆ ಬಂದರು. “ಏನ್ ಮೇಷ್ಟ್ರೇ, ಹಗ್ಗ ಹಿಂಗಾ ಕಟ್ಟೋದು? ಕೆಳಗೊಂದು ರಾಟೆ ಬ್ಯಾಡ್ವಾ?” ಎಂದವರೇ, ಬೋರಿನಿಂದ ಎರಡಡಿ ದೂರದಲ್ಲಿ ಆಳವಾಗಿ ಹೂತಿದ್ದ ಕಲ್ಲುಕೂಚದ ಬುಡಕ್ಕೆ ಸರಪಳಿ ಸುತ್ತಿಸಿ, ಅದಕ್ಕೆ ಇನ್ನೊಂದು ರಾಟೆ ಕಟ್ಟಿಸಿದರು. ಈಗ ಹಗ್ಗ ನೆತ್ತಿಯ ರಾಟೆಯಿಂದ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿದು, ಬುಡದ ರಾಟೆಯನ್ನು ಬಳಸಿ, ನೆಲಕ್ಕೆ ಸಮನಾಗಿ ಟ್ರ್ಯಾಕ್ಟರಿಗೆ ಹೋಯಿತು. ಅದೇ ಟ್ರ್ಯಾಕ್ಟರು, ಅದೇ ಪೈಪು, ಅದೇ ಮುಕ್ಕಾಲಿ. ಸಂಜೆಯೊಳಗೆ 30 ಪೈಪೂ ಮೋಟರೂ ಮೇಲೆ ಬಂದವು, ಮುಕ್ಕಾಲಿ ಅಲುಗಲಿಲ್ಲ.

ರಜೆಗೆ ಬಂದಿದ್ದ ಅಕ್ಕನ ಮಗ ಇದನ್ನೆಲ್ಲ ನೋಡುತ್ತಿದ್ದ. ಪ್ರಥಮ ಪಿಯುಸಿ ಮುಗಿಸಿದ ಹುಡುಗ. ರಾತ್ರಿ ಊಟದ ಹೊತ್ತಿಗೆ ಕೇಳಿದ: “ಮಾವ, ಎರಡು ಸಲಾನೂ ಭಾರ ಅಷ್ಟೇ ತಾನೆ? ಮತ್ತೆ ಒಂದ್ಸಲ ಯಾಕೆ ವಾಲ್ತು, ಇನ್ನೊಂದ್ಸಲ ಯಾಕೆ ವಾಲ್ಲಿಲ್ಲ?” ಅವನ ನೋಟ್‌ಬುಕ್ಕಿನಲ್ಲಿ ಅಂದವಾದ ಅಕ್ಷರಗಳಲ್ಲಿ ಬರೆದಿತ್ತು: ಪ್ರಮಾಣ ಮಾತ್ರ ಇರುವ ಪರಿಮಾಣಗಳು ಅದಿಶ ಪರಿಮಾಣಗಳು, ಪ್ರಮಾಣ ಮತ್ತು ದಿಕ್ಕು ಎರಡೂ ಇರುವವು ಸದಿಶ ಪರಿಮಾಣಗಳು. ಕೆಳಗೆ ಉದಾಹರಣೆಗಳ ಎರಡು ಕಂಬಸಾಲು. ರಾಶಿ, ಕಾಲ, ತಾಪ, ದೂರ ಒಂದು ಕಡೆ. ಬಲ, ವೇಗ, ವೇಗೋತ್ಕರ್ಷ (ವೇಗ ಬದಲಾಗುವ ದರ), ಸ್ಥಾನಪಲ್ಲಟ (ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದು) ಇನ್ನೊಂದು ಕಡೆ. ಇದೇ ಎರಡು ಸಾಲನ್ನು ನಾನೂ ನೂರಾರು ಮಕ್ಕಳಿಗೆ ಬರೆಸಿದ್ದೇನೆ, ಅವರು ಅದನ್ನು ಬರೆದು ಪೂರ್ತಿ ಅಂಕ ಪಡೆದಿದ್ದಾರೆ. ಆದರೆ ಆ ವ್ಯಾಖ್ಯೆ ಬಾಯಿಪಾಠ ಬರುತ್ತಿದ್ದ ನಾನೇ ಆ ಮಧ್ಯಾಹ್ನ ಹಗ್ಗವನ್ನು ತಪ್ಪಾಗಿ ಕಟ್ಟಿಸಿದ್ದೆ. ವ್ಯಾಖ್ಯೆ ಸುಳ್ಳಲ್ಲ, ಅದು ಮುಖ್ಯವಾದುದನ್ನು ಹೇಳದೆ ಬಿಡುತ್ತದೆ. ಸದಿಶವನ್ನು ಅದಿಶದಿಂದ ಬೇರೆ ಮಾಡುವುದು ದಿಕ್ಕು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಹೆಚ್ಚಾಗಿ, ಅಂತಹ ಎರಡನ್ನು ಕೂಡುವುದು ಹೇಗೆ ಎಂಬುದು.

ಕೋಲಾರದ ಟೊಮೆಟೊ ಮಾರುಕಟ್ಟೆಯಿಂದಲೇ ಶುರುಮಾಡಬಹುದು. ಅಲ್ಲಿ ಹಣ್ಣು ಹೋಗುವುದು 15 ಕಿಲೋ ಬಾಕ್ಸುಗಳಲ್ಲಿ. ಒಂದು ಬಾಕ್ಸಿನ ಮೇಲೆ ಇನ್ನೊಂದನ್ನು ಇಟ್ಟರೂ, ಪಕ್ಕದಲ್ಲಿ ಇಟ್ಟರೂ, ಒಂದನ್ನು ಲಾರಿಯ ಮೂತಿಯ ಕಡೆಗೂ ಇನ್ನೊಂದನ್ನು ಬಾಲದ ಕಡೆಗೂ ಇಟ್ಟರೂ ಹಣ್ಣು 30 ಕಿಲೋ. ರಾಶಿ ಅದಿಶ, 15 ಮತ್ತು 15 ಸೇರಿದರೆ 30, ಬೇರೆ ಉತ್ತರವೇ ಇಲ್ಲ. ಈಗ ಒಂದೇ ಕೊಂಡಿಗೆ ಎರಡು ಹಗ್ಗ ಕಟ್ಟಿ ಇಬ್ಬರು ಎಳೆಯಲಿ, ಒಬ್ಬೊಬ್ಬರದೂ 100 ನ್ಯೂಟನ್ ಬಲವಿರಲಿ. ಇಬ್ಬರೂ ಒಂದೇ ಕಡೆಗೆ ಎಳೆದರೆ ಕೊಂಡಿಗೆ ತಟ್ಟುವುದು 200. ಹಗ್ಗಗಳ ನಡುವೆ 60 ಡಿಗ್ರಿ ಕೋನವಿದ್ದರೆ 173. ಲಂಬಕೋನವಿದ್ದರೆ 141. 120 ಡಿಗ್ರಿ ಇದ್ದರೆ 100, ಅಂದರೆ ಇಬ್ಬರು ಸೇರಿ ಒಬ್ಬನ ಕೆಲಸ. ಎದುರುಬದುರಾಗಿ ಎಳೆದರೆ ಸೊನ್ನೆ. ನೂರಕ್ಕೆ ನೂರು ಕೂಡಿಸಿದರೆ ಸೊನ್ನೆಯಿಂದ ಇನ್ನೂರರವರೆಗೆ ಯಾವ ಸಂಖ್ಯೆ ಬೇಕಾದರೂ ಬರಬಹುದು ಎಂದರೆ, ಇದು ನಾವು ಎರಡನೆಯ ತರಗತಿಯಲ್ಲಿ ಕಲಿತ ಕೂಡುವ ಲೆಕ್ಕವಲ್ಲ. ಎರಡು ಬಲಗಳನ್ನು ಎರಡು ಬಾಣಗಳಾಗಿ ಬರೆದು, ಅವನ್ನು ಪಕ್ಕದ ಬಾಹುಗಳನ್ನಾಗಿ ಮಾಡಿ ಸಮಾಂತರ ಚತುರ್ಭುಜ ಎಳೆದರೆ, ಅದರ ಕರ್ಣವೇ ಫಲಿತ ಬಲ. ಸದಿಶ ಎಂದರೆ ಈ ನಿಯಮದಂತೆ ಕೂಡಿಕೊಳ್ಳುವ ವಸ್ತು ಎಂದು ಹೇಳಿಕೊಡುವುದು ಮೊದಲಾಗಬೇಕಿತ್ತು. ದಿಕ್ಕಿನ ಮಾತು ಅದರ ಹಿಂದೆ ತಾನಾಗಿ ಬರುತ್ತಿತ್ತು.

ಬೋರಿಗೆ ಮರಳೋಣ. ಒಂದು ಪೈಪು 20 ಕಿಲೋ ಎಂದಿಟ್ಟುಕೊಂಡರೆ 30 ಪೈಪು 600 ಕಿಲೋ. ಮೋಟರು, ಪಂಪು, ಕೇಬಲ್ಲು ಸೇರಿ ಇನ್ನೊಂದು 200. ಒಳಗಿನ ವಾಲ್ವು ಹಾಳಾಗಿದ್ದರಿಂದ ಪೈಪಿನಲ್ಲಿ ನೀರು ನಿಂತಿರಲಿಲ್ಲ, ಅದೊಂದು ಉಳಿತಾಯ. ಒಟ್ಟು 800 ಕಿಲೋ ರಾಶಿ. ಅದನ್ನು ಭೂಮಿ ಸೆಳೆಯುವ ಬಲವೇ ತೂಕ. ಪ್ರತಿ ಕಿಲೋಗೆ 9.8 ನ್ಯೂಟನ್‌ನಂತೆ 7,840 ನ್ಯೂಟನ್. ಸಂತೆಯಲ್ಲಿ ನಾವು ರಾಶಿಗೂ ತೂಕಕ್ಕೂ ಕಿಲೋ ಎಂಬ ಒಂದೇ ಮಾತು ಬಳಸುತ್ತೇವೆ, ಅದರಿಂದ ವ್ಯಾಪಾರಕ್ಕೆ ನಷ್ಟವೇನೂ ಇಲ್ಲ. ಆದರೆ ರಾಶಿ ಅದಿಶ, ತೂಕ ಬಲವಾದ್ದರಿಂದ ಸದಿಶ, ಮತ್ತು ಅದರ ದಿಕ್ಕು ಯಾವಾಗಲೂ ನೆಲದ ಕಡೆಗೆ. ಬಾವಿಯೊಳಗೆ ಈ ಭೇದ ತೊಂದರೆ ಕೊಡುವುದಿಲ್ಲ. ಅಲ್ಲಿ ಎಲ್ಲ ಬಲಗಳೂ ಒಂದೇ ಗೆರೆಯ ಮೇಲೆ, ಮೇಲಕ್ಕೆ ಅಥವಾ ಕೆಳಕ್ಕೆ ಇರುತ್ತವೆ. ಕೂಡು, ಕಳೆ ಎಂಬ ಎರಡು ಚಿಹ್ನೆಗಳಲ್ಲಿ ಲೆಕ್ಕ ಮುಗಿಯುತ್ತದೆ. ಅತ್ಯಂತ ಕೆಳಗಿನ ಪೈಪು ಮೋಟರನ್ನಷ್ಟೇ ಹೊತ್ತಿರುತ್ತದೆ, ಅದರ ಮೇಲಿನದು ಮೋಟರನ್ನೂ ಒಂದು ಪೈಪನ್ನೂ, ಹೀಗೆ ಏರುತ್ತ ಬಂದು ನೆತ್ತಿಯ ಪೈಪು ಎಲ್ಲವನ್ನೂ ಹೊತ್ತಿರುತ್ತದೆ. ನಮ್ಮ ಪಕ್ಕದ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ವಿಭಾಗ 3 ಕಿಲೋಮೀಟರಿಗೂ ಆಳ ಹೋಗಿತ್ತು. 2001ರಲ್ಲಿ ಗಣಿ ಮುಚ್ಚುವವರೆಗೂ ಅಂತಹ ಆಳಗಳಲ್ಲಿ ಪಂಜರ ಇಳಿಸುವವರಿಗೆ ಪಂಜರದ ತೂಕದಷ್ಟೇ ಹಗ್ಗದ ಸ್ವಂತ ತೂಕವೂ ಚಿಂತೆಯ ವಿಷಯವಾಗಿದ್ದಿರಬೇಕು. ಅಷ್ಟಾದರೂ ಅದು ಒಂದೇ ಗೆರೆಯ ಲೆಕ್ಕ. ತೊಡಕು ಹುಟ್ಟುವುದು ಹಗ್ಗ ಬಾವಿಯಿಂದ ಹೊರಬಂದು ರಾಟೆಯ ಮೇಲೆ ಮಗ್ಗುಲಾದಾಗ.

ರಾಟೆ ಚೆನ್ನಾಗಿ ಉರುಳುವುದಾದರೆ ಅದರ ಎರಡೂ ಬದಿಯ ಹಗ್ಗದಲ್ಲಿ ಎಳೆತ ಒಂದೇ. ಪೈಪಿನ ಕಡೆ 7,840 ನ್ಯೂಟನ್ ಇದ್ದರೆ ಟ್ರ್ಯಾಕ್ಟರಿನ ಕಡೆಯೂ 7,840. ಅಂದರೆ ಮುಕ್ಕಾಲಿಯ ನೆತ್ತಿಯನ್ನು ಎಳೆಯುತ್ತಿರುವುದು ಒಂದು ಬಲವಲ್ಲ, ಎರಡು. ನಾನು ಮರೆತದ್ದು ಈ ಎರಡನೆಯದನ್ನು. ರಾಟೆ ಬಲದ ದಿಕ್ಕನ್ನು ಬದಲಾಯಿಸುತ್ತದೆ ಎಂದು ಪಾಠ ಹೇಳುವಾಗ, ಹಾಗೆ ಬದಲಾಯಿಸಿದ್ದಕ್ಕೆ ರಾಟೆಯನ್ನು ಹಿಡಿದುಕೊಂಡಿರುವ ಆಸರೆ ತೆರುವ ಬೆಲೆಯೇನು ಎಂದು ನಾವು ಕೇಳುವುದೇ ಇಲ್ಲ.

ಎರಡು ಸಮಾನ ಬಲಗಳ ಫಲಿತ ಅವುಗಳ ನಡುವಿನ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುವ ಗೆರೆಯ ಮೇಲೆ ಬರುತ್ತದೆ. ಟ್ರ್ಯಾಕ್ಟರು 25 ಅಡಿ ದೂರದಲ್ಲಿತ್ತು, ರಾಟೆ 25 ಅಡಿ ಎತ್ತರದಲ್ಲಿತ್ತು. ಆದ್ದರಿಂದ ಪೈಪಿನ ಕಡೆಯ ಹಗ್ಗಕ್ಕೂ ಟ್ರ್ಯಾಕ್ಟರಿನ ಕಡೆಯ ಹಗ್ಗಕ್ಕೂ ನಡುವೆ ಸುಮಾರು 45 ಡಿಗ್ರಿ. ಫಲಿತ ಬಲ ನೇರ ಕೆಳಗಿನ ದಿಕ್ಕಿನಿಂದ 22.5 ಡಿಗ್ರಿ ಟ್ರ್ಯಾಕ್ಟರಿನ ಕಡೆಗೆ ವಾಲಿರುತ್ತದೆ, ಅದರ ಪ್ರಮಾಣ ಸುಮಾರು 14,490 ನ್ಯೂಟನ್. ನೆತ್ತಿಯಿಂದ ಆ ದಿಕ್ಕಿನಲ್ಲಿ ಗೆರೆ ಎಳೆದರೆ ಅದು ನೆಲವನ್ನು ಮುಟ್ಟುವುದು ಬೋರಿನಿಂದ ಹತ್ತಡಿಗೂ ತುಸು ಆಚೆ. ನಮ್ಮ ಮುಕ್ಕಾಲಿಯ ಕಾಲುಗಳು ಬೋರಿನಿಂದ ಎಂಟೆಂಟು ಅಡಿ ದೂರದಲ್ಲಿ ಊರಿದ್ದವು, ಅದರಲ್ಲೂ ಎರಡು ಕಾಲುಗಳ ನಡುವಿನ ತೆರಪು ಟ್ರ್ಯಾಕ್ಟರಿನ ಕಡೆಗೆ ಮುಖ ಮಾಡಿತ್ತು. ಆ ಎರಡು ಕಾಲುಗಳನ್ನು ಸೇರಿಸುವ ಗೆರೆ ಬೋರಿನಿಂದ ಬರೀ 4 ಅಡಿ ದೂರ. ಮೂರು ಪಾದಗಳು ಮಾಡುವ ತ್ರಿಕೋನದೊಳಗೆ ಫಲಿತ ಬಲದ ಗೆರೆ ಇಳಿದರೆ ಮೂರು ಕಾಲೂ ನೆಲವನ್ನು ಒತ್ತುತ್ತವೆ. ತ್ರಿಕೋನದ ಹೊರಗೆ ಇಳಿದರೆ ಹಿಂದಿನ ಕಾಲು ಮೇಲಕ್ಕೇಳಲೇಬೇಕು. ನಮ್ಮ ಗೆರೆ 4 ಅಡಿಯ ಗಡಿ ದಾಟಿ ಹತ್ತಡಿಯಲ್ಲಿ ಬಿದ್ದಿತ್ತು. ಟ್ರ್ಯಾಕ್ಟರು ಮುಂದೆ ಹೋದಂತೆಲ್ಲ ಕೋನ ಹೆಚ್ಚುವುದರಿಂದ ಆ ಗೆರೆ ಇನ್ನೂ ಆಚೆಗೇ ಸರಿಯುತ್ತಿತ್ತು.

ಇನ್ನು ತಾತನ ಕ್ರಮ. ಬುಡದ ರಾಟೆ ಬೋರಿನಿಂದ ಎರಡಡಿ ದೂರದಲ್ಲಿತ್ತು, ಆದ್ದರಿಂದ ನೆತ್ತಿಯಿಂದ ಇಳಿಯುವ ಎರಡೂ ಹಗ್ಗಗಳು ಹೆಚ್ಚುಕಡಿಮೆ ಜೋಡಿಯಾಗಿಯೇ ಇಳಿಯುತ್ತವೆ. ಅವುಗಳ ಫಲಿತ ಬೋರಿನಿಂದ ಒಂದಡಿಯೊಳಗೆ ನೆಲ ಮುಟ್ಟುತ್ತದೆ, ತ್ರಿಕೋನದ ನಟ್ಟನಡುವೆ. ಪ್ರಮಾಣ ಎಷ್ಟು? 7,840ರ ಎರಡರಷ್ಟು, 15,680 ನ್ಯೂಟನ್. ಅಕ್ಕನ ಮಗ ಇಲ್ಲಿ ನನ್ನನ್ನು ತಡೆದ. ಮುಕ್ಕಾಲಿಯ ಮೇಲಿನ ಬಲ ಕಡಿಮೆಯಾದ್ದರಿಂದ ಅದು ನಿಂತಿತೆಂದು ಅವನು ಅಂದುಕೊಂಡಿದ್ದ. ಲೆಕ್ಕ ನೋಡಿದರೆ ಬಲ ಹೆಚ್ಚಾಗಿತ್ತು. 800 ಕಿಲೋ ಎತ್ತುವುದಕ್ಕೆ ಮುಕ್ಕಾಲಿ 1,600 ಕಿಲೋಗೆ ಸಮನಾದ ಒತ್ತನ್ನು ಹೊತ್ತಿತ್ತು, ಹೊತ್ತೂ ಅಲುಗಲಿಲ್ಲ. ಕಡಿಮೆ ಬಲ ಬೀಳಿಸುತ್ತಿತ್ತು, ಹೆಚ್ಚಿನ ಬಲ ಊರಿ ನಿಲ್ಲಿಸಿತು. ಅವನು ಪೆನ್ಸಿಲು ಕಚ್ಚಿಕೊಂಡು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದ.

ಈ 15,680 ನ್ಯೂಟನ್ನನ್ನು ಮೂರು ಕಾಲುಗಳು ಹಂಚಿಕೊಳ್ಳುತ್ತವೆ. ಮೂರರಲ್ಲೊಂದು ಪಾಲು ಎಂದು ಭಾಗಿಸಿದರೆ 5,227 ಬರುತ್ತದೆ, ಆದರೆ ಒಂದೊಂದು ಕಾಲಿನ ಮೇಲಿನ ಒತ್ತು ಅದಕ್ಕಿಂತ ತುಸು ಹೆಚ್ಚು, ಸುಮಾರು 5,490. ಕಾಲು ಓರೆಯಾಗಿ ನಿಂತಿರುವುದರಿಂದ ಅದರ ಒತ್ತಿನಲ್ಲಿ ಒಂದು ಭಾಗ ಕೆಳಕ್ಕೆ, ಇನ್ನೊಂದು ಭಾಗ ಹೊರಕ್ಕೆ. ಕೆಳಗಿನ ಭಾಗ 5,227, ಹೊರಗಿನ ಭಾಗ ಸುಮಾರು 1,670. ಒಂದೇ ಬಲವನ್ನು ಹೀಗೆ ಎರಡು ಲಂಬ ದಿಕ್ಕುಗಳ ಘಟಕಗಳಾಗಿ ಒಡೆಯುವುದು ಫಲಿತ ಕಂಡುಹಿಡಿಯುವುದರ ತಿರುವುಮುರುವು. ಪ್ರತಿ ಪಾದವೂ 170 ಕಿಲೋಗೆ ಸಮನಾದ ಬಲದಿಂದ ಹೊರಕ್ಕೆ ಜಾರಲು ನೋಡುತ್ತಿರುತ್ತದೆ. ಕಾಲು ಊರುವ ಮುಂಚೆ ಒಂದಡಿ ಗುಂಡಿ ತೋಡುವುದು ಅದಕ್ಕೇ. ಮೂರು ಹೊರನೂಕುಗಳನ್ನು ಕೂಡಿದರೆ ಸೊನ್ನೆ, ಏಕೆಂದರೆ ಅವು 120 ಡಿಗ್ರಿಯ ಅಂತರದಲ್ಲಿವೆ. ಮೊತ್ತ ಸೊನ್ನೆಯೆಂದು ಗುಂಡಿ ತೋಡದೆ ಬಿಟ್ಟರೆ ಮಾತ್ರ ಮೂರು ಪಾದಗಳೂ ಮೂರು ಕಡೆಗೆ ಓಡುತ್ತವೆ.

ಕಲ್ಲುಕೂಚದ ಪಾಡೂ ಹೇಳಬೇಕು. ಅದರ ಬುಡದ ರಾಟೆಗೆ ಮೇಲಕ್ಕೊಂದು 7,840, ಟ್ರ್ಯಾಕ್ಟರಿನ ಕಡೆಗೊಂದು 7,840. ಇವೆರಡರ ನಡುವೆ ಲಂಬಕೋನ, ಆದ್ದರಿಂದ ಫಲಿತ ಸುಮಾರು 11,090 ನ್ಯೂಟನ್, 45 ಡಿಗ್ರಿ ಮೇಲ್ಮುಖವಾಗಿ. ಮುಕ್ಕಾಲಿಯನ್ನು ಬೀಳಿಸಬೇಕಾಗಿದ್ದ ಅಡ್ಡ ಎಳೆತ ಮಾಯವಾಗಲಿಲ್ಲ. ತಾತ ಅದನ್ನು ನೆತ್ತಿಯಿಂದ ಬುಡಕ್ಕೆ ಇಳಿಸಿ, ನೆಲದೊಳಗೆ ಹೂತ ಕಲ್ಲಿಗೆ ಒಪ್ಪಿಸಿದರು.

ಅಡ್ಡ ಎಳೆತ ಬೇಕೆಂದೇ ಇಟ್ಟುಕೊಳ್ಳುವ ಸಂದರ್ಭವೂ ಇದೆ. ನಂದಿಬೆಟ್ಟದ ಬುಡದಲ್ಲಿರುವ ನಂದಿ ಗ್ರಾಮದ ಭೋಗನಂದೀಶ್ವರನ ತೇರನ್ನು ಶಿವರಾತ್ರಿ ಜಾತ್ರೆಯಲ್ಲಿ ನೋಡಿದವರಿಗೆ ಗೊತ್ತು, ತೇರಿನ ಹಗ್ಗಗಳನ್ನು ಹಿಡಿದ ಜನ ಎರಡು ಸಾಲಾಗಿ ಹೋಗುತ್ತ ಹೋಗುತ್ತ ಹೊರಕ್ಕೆ ಹರಡಿಕೊಳ್ಳುತ್ತಾರೆ. ಹಗ್ಗ ನಡುಗೆರೆಯಿಂದ 30 ಡಿಗ್ರಿ ಹೊರಗೆ ಹೋದರೆ ಎಳೆಯುವವನ ಬಲದಲ್ಲಿ ನೂರಕ್ಕೆ 87 ಪಾಲು ತೇರಿಗೆ ಸಲ್ಲುತ್ತದೆ, 60 ಡಿಗ್ರಿ ಹೋದರೆ ಅರ್ಧವೇ. ಉಳಿದದ್ದು ಎಡಬಲಗಳ ನಡುವೆ ಪರಸ್ಪರ ಕಳೆದುಹೋಗುತ್ತದೆ. ಹಾಗೆ ಕಳೆದುಹೋಗುವುದೂ ಪೂರ್ತಿ ದಂಡವಲ್ಲ: ತೇರು ಒಂದು ಕಡೆಗೆ ಸರಿಯತೊಡಗಿದರೆ ಎದುರು ಸಾಲಿನವರು ತುಸು ಜೋರು ಮಾಡಿದರೆ ಸಾಕು, ಮೂತಿ ನೆಟ್ಟಗಾಗುತ್ತದೆ.

ಕೋನ ಇನ್ನೂ ಹಿಗ್ಗಿ ಹಗ್ಗಗಳು ಎದುರುಬದುರಾಗುವ ಹಂತಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ನಮ್ಮ ಹಿತ್ತಲ ಬಟ್ಟೆ ಒಣಹಾಕುವ ತಂತಿ ತೋರಿಸುತ್ತದೆ. ತಂತಿಯ ನಡುವೆ 10 ಕಿಲೋದ ಒದ್ದೆ ಕಂಬಳಿ ಹಾಕಿದಾಗ ಅದು ಎರಡೂ ಬದಿಗೆ 5 ಡಿಗ್ರಿಯಷ್ಟೇ ಜಗ್ಗಿದೆ ಎನ್ನೋಣ. 98 ನ್ಯೂಟನ್ ತೂಕವನ್ನು ಎತ್ತಿಹಿಡಿಯಲು ತಂತಿಯ ಒಂದೊಂದು ಬದಿಯಲ್ಲೂ ಇರಬೇಕಾದ ಎಳೆತ ಸುಮಾರು 560 ನ್ಯೂಟನ್, ಅಂದರೆ ಒಬ್ಬ ಆಳು ತೂಗಿದಷ್ಟು. ತಂತಿಯನ್ನು ಜಗ್ಗದಂತೆ ಇನ್ನೂ ಬಿಗಿಯಾಗಿ ಕಟ್ಟುತ್ತೇನೆಂದು ಹೋದವರು ಕಂಬವನ್ನು ಕಿತ್ತು ಬೀಳಿಸುವುದೇ ಹೆಚ್ಚು. ಸ್ವಲ್ಪವೂ ಜಗ್ಗದ ತಂತಿ ಏನನ್ನೂ ಹೊರಲಾರದು, ಏಕೆಂದರೆ ಮೇಲ್ಮುಖ ಘಟಕವೇ ಅದರಲ್ಲಿಲ್ಲ. ವಿದ್ಯುತ್ ಕಂಬಗಳ ನಡುವಿನ ತಂತಿ ಜೋತುಬಿದ್ದಿರುವುದಕ್ಕೂ ಇದೊಂದು ಕಾರಣ.

ವ್ಯಾಖ್ಯೆಯ ಮಾತಿಗೆ ಬರುತ್ತೇನೆ. ದಿಕ್ಕು ಇದ್ದರೆ ಸದಿಶ ಎಂಬುದನ್ನೇ ಹಿಡಿದುಕೊಂಡರೆ ಎಡವುವ ಜಾಗಗಳಿವೆ. ಡ್ರಿಪ್ಪಿಗೆ ಹೋಗುವ ಎರಡು ಪೈಪುಗಳು ಒಂದಕ್ಕೊಂದು ಸೇರುತ್ತವೆ. ಒಂದರಲ್ಲಿ ಸೆಕೆಂಡಿಗೆ 2 ಲೀಟರು, ಇನ್ನೊಂದರಲ್ಲಿ 3 ಲೀಟರು. ಎರಡೂ ಹರಿವಿಗೆ ದಿಕ್ಕು ಕಣ್ಣಿಗೇ ಕಾಣುತ್ತದೆ. ಆದರೆ ಪೈಪುಗಳನ್ನು ಯಾವ ಕೋನದಲ್ಲಿ ಜೋಡಿಸಿದರೂ ಮುಂದಿನ ಪೈಪಿನಲ್ಲಿ ಹೋಗುವುದು 5 ಲೀಟರು. ಟಿ ಜೋಡಣೆ ಹಾಕಿದೆವೆಂದು ನೀರು ಕಡಿಮೆಯಾಗುವುದಿಲ್ಲ. ಬ್ಯಾಟರಿಯಿಂದ ಹರಿಯುವ ವಿದ್ಯುತ್ತೂ ಹೀಗೆಯೇ: 2 ಆಂಪಿಯರು, 3 ಆಂಪಿಯರು ಒಂದು ಸಂಧಿಯಲ್ಲಿ ಸೇರಿದರೆ 5. ತಂತಿಯಲ್ಲಿ ಬಾಣದ ಗುರುತು ಹಾಕುತ್ತೇವೆ, ಆದರೂ ವಿದ್ಯುತ್ ಪ್ರವಾಹ ಅದಿಶ, ಏಕೆಂದರೆ ಅದು ಸಮಾಂತರ ಚತುರ್ಭುಜದ ನಿಯಮಕ್ಕೆ ಒಗ್ಗುವುದಿಲ್ಲ. ಒತ್ತಡವೂ ಇದೇ ಸಾಲಿನದು. 180 ಮೀಟರು ಎತ್ತರದ ನೀರಿನ ಕಂಬದ ಬುಡದಲ್ಲಿ ಚದರ ಸೆಂಟಿಮೀಟರಿಗೆ 18 ಕಿಲೋದಷ್ಟು ಒತ್ತಡವಿರುತ್ತದೆ. ಅದು ಪೈಪಿನ ಗೋಡೆಯನ್ನು ಹೊರಕ್ಕೂ, ತಳವನ್ನು ಕೆಳಕ್ಕೂ ಒತ್ತುತ್ತದೆ. ದಿಕ್ಕು ಒತ್ತಡದ್ದಲ್ಲ, ಒತ್ತಿಸಿಕೊಳ್ಳುವ ಮೈಯದ್ದು. ಆ ಮೈಯ ಮೇಲೆ ಉಂಟಾಗುವ ಬಲ ಮಾತ್ರ ಸದಿಶ.

ಇದಕ್ಕೂ ವಿಚಿತ್ರವಾದುದು ತಿರುಗಣೆ. ಮೇಜಿನ ಮೇಲೆ ಒಂದು ಪುಸ್ತಕವನ್ನು ಮುಖಪುಟ ಮೇಲಾಗಿ ಇಟ್ಟು, ಮೊದಲು ಅದನ್ನು ಮೇಜಿನ ಮೇಲೆಯೇ ಬಲಕ್ಕೆ 90 ಡಿಗ್ರಿ ತಿರುಗಿಸಿ, ಆಮೇಲೆ ನಿಮ್ಮ ಬಲಗಡೆಗೆ 90 ಡಿಗ್ರಿ ಮಗ್ಗುಲಿಗೆ ನಿಲ್ಲಿಸಿ ನೋಡಿ. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಮೊದಲು ಮಗ್ಗುಲಿಗೆ ನಿಲ್ಲಿಸಿ, ಆಮೇಲೆ ತಿರುಗಿಸಿ. ಪುಸ್ತಕ ಎರಡು ಬೇರೆ ಬೇರೆ ಭಂಗಿಗಳಲ್ಲಿ ನಿಂತಿರುತ್ತದೆ. ಒಂದೊಂದು ತಿರುಗಣೆಗೂ ಪ್ರಮಾಣವಿದೆ, ಅಕ್ಷದ ದಿಕ್ಕಿದೆ. ಆದರೆ ಮೊದಲು ಯಾವುದು ಎಂಬುದರ ಮೇಲೆ ಉತ್ತರ ಬದಲಾಗುವುದರಿಂದ ಇಂತಹ ದೊಡ್ಡ ತಿರುಗಣೆಗಳು ಸದಿಶಗಳಲ್ಲ. ಬಲಗಳಲ್ಲಿ ಆ ರಗಳೆಯಿಲ್ಲ. ಯಾರ ಬಾಣವನ್ನು ಮೊದಲು ಎಳೆದರೂ ಕರ್ಣ ಒಂದೇ.

ಈ ತಿಳಿವಳಿಕೆ ಪದಗಳಿಗಿಂತ ಬಹಳ ಹಳೆಯದು. 1586ರಲ್ಲಿ ಸೈಮನ್ ಸ್ಟೆವಿನ್ ಎಂಬ ಡಚ್ಚರ ಎಂಜಿನಿಯರು ಒಂದು ಸೊಗಸಾದ ವಾದ ಹೂಡಿದ. ಒಂದು ಬದಿ ಇನ್ನೊಂದರ ಎರಡರಷ್ಟು ಉದ್ದವಿರುವ ಇಳಿಜಾರಿನ ದಿಬ್ಬದ ಮೇಲೆ 14 ಸಮಾನ ಗುಂಡುಗಳ ಹಾರವನ್ನು ಹಾಕಿದರೆ, ಉದ್ದದ ಬದಿಯಲ್ಲಿ ನಾಲ್ಕು, ಗಿಡ್ಡ ಬದಿಯಲ್ಲಿ ಎರಡು ಕೂರುತ್ತವೆ, ಉಳಿದ ಎಂಟು ಕೆಳಗೆ ಜೋತುಬೀಳುತ್ತವೆ. ನಾಲ್ಕು ಎರಡಕ್ಕಿಂತ ಹೆಚ್ಚು ಎಂದು ಹಾರ ಜಾರತೊಡಗಿದರೆ, ಸರಿದ ಜಾಗಕ್ಕೆ ಮತ್ತೊಂದು ಗುಂಡು ಬಂದು ಅದು ಎಂದೆಂದಿಗೂ ತಾನಾಗಿ ಸುತ್ತುತ್ತಿರಬೇಕು; ಅದು ಆಗದ ಮಾತು. ಆದ್ದರಿಂದ ಹಾರ ನಿಂತೇ ಇರುತ್ತದೆ, ಕೆಳಗಿನ ಎಂಟನ್ನು ಕತ್ತರಿಸಿ ತೆಗೆದರೂ ನಿಂತಿರುತ್ತದೆ, ಅಂದರೆ ಓರೆಯಾದ ಬದಿಯ ನಾಲ್ಕಕ್ಕೆ ಕಡಿದಾದ ಬದಿಯ ಎರಡು ಸಮ. ಒಂದು ಅಳತೆಯನ್ನೂ ಮಾಡದೆ, ಹೀಗಾಗಲಾರದು ಎಂಬ ಒಂದೇ ನಂಬಿಕೆಯಿಂದ ಬಲದ ಘಟಕವನ್ನು ಹೊರತೆಗೆದ ಈ ವಾದವನ್ನು ನಾನು ಯಾವ ಸೂತ್ರಕ್ಕಿಂತಲೂ ಹೆಚ್ಚು ಮೆಚ್ಚುತ್ತೇನೆ. ನ್ಯೂಟನ್ 1687ರಲ್ಲಿ ತನ್ನ ಮೂರು ನಿಯಮಗಳನ್ನು ಹೇಳಿದ ಕೂಡಲೇ ಮೊದಲ ಉಪಸಿದ್ಧಾಂತವಾಗಿ ಕೊಟ್ಟದ್ದು ಸಮಾಂತರ ಚತುರ್ಭುಜವನ್ನೇ. ಅದಿಶಕ್ಕೆ ಸ್ಕೇಲಾರ್, ಸದಿಶಕ್ಕೆ ವೆಕ್ಟರ್ ಎಂಬ ಹೆಸರುಗಳನ್ನು ಈಗಿನ ಅರ್ಥಕ್ಕೆ ಹತ್ತಿರವಾಗಿ ಬಳಕೆಗೆ ತಂದವನು ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್, ಅದೂ 1840ರ ದಶಕದಲ್ಲಿ. ಇಂದು ನಾವು ಕಲಿಯುವ ರೂಪಕ್ಕೆ ಅವನ್ನು ತಂದವರು 1880ರ ದಶಕದಲ್ಲಿ ಅಮೆರಿಕದ ಗಿಬ್ಸ್ ಮತ್ತು ಇಂಗ್ಲೆಂಡಿನ ಹೆವಿಸೈಡ್.

ವೆಕ್ಟರ್ ಎಂಬ ಲ್ಯಾಟಿನ್ ಮಾತಿಗೆ ಹೊತ್ತೊಯ್ಯುವವನು ಎಂದರ್ಥ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದು ಅದು. ಸ್ಕೇಲಾರ್ ಎಂಬುದರ ಬೇರು ಏಣಿ. ನಮ್ಮ ಅದಿಶ, ಸದಿಶ ಎಂಬ ಜೋಡಿ ಕಿವಿಗೆ ಇಂಪಾಗಿದೆ, ನೆನಪಿಡುವುದಕ್ಕೂ ಸುಲಭ, ಅದನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಆ ಪದಗಳೇ ದಿಕ್ಕು ಇಲ್ಲದ್ದು, ದಿಕ್ಕು ಇರುವುದು ಎಂದು ವ್ಯಾಖ್ಯೆಯನ್ನೂ ಹೇಳಿಬಿಡುವುದರಿಂದ, ಮಕ್ಕಳು ಅಲ್ಲಿಗೇ ನಿಂತುಬಿಡುತ್ತಾರೆ. ಮೇಷ್ಟರುಗಳೂ ನಿಲ್ಲುತ್ತೇವೆ.

ಎರಡು ಸದಿಶಗಳು ಸೇರಿ ಅದಿಶವಾಗುವುದೂ ಉಂಟು. ಬಲ ಮತ್ತು ಸ್ಥಾನಪಲ್ಲಟಗಳಿಂದ ಕೆಲಸ ಹುಟ್ಟುತ್ತದೆ, ಕೆಲಸಕ್ಕೆ ದಿಕ್ಕಿಲ್ಲ. ಮೊದಲಿಗೆ ಹದಿನೈದು ಸಾವಿರ ನ್ಯೂಟನ್ನಿನಷ್ಟು ಹೊತ್ತು ಸಂಜೆಯವರೆಗೂ ನಿಂತಿದ್ದ ಮುಕ್ಕಾಲಿ ಭೌತಶಾಸ್ತ್ರದ ಲೆಕ್ಕದಲ್ಲಿ ಮಾಡಿದ ಕೆಲಸ ಸೊನ್ನೆ, ಏಕೆಂದರೆ ಅದು ಇದ್ದಲ್ಲಿಂದ ಕದಲಲಿಲ್ಲ. 30 ಪೈಪನ್ನೂ ಮೋಟರನ್ನೂ 180 ಮೀಟರಿನಿಂದ ಮೇಲಕ್ಕೆ ತರಲು ಬೇಕಾದದ್ದು ಸುಮಾರು 9 ಲಕ್ಷ ಜೂಲ್. ಪೈಪುಗಳು ಒಂದೊಂದಾಗಿ ಕಡಿಮೆಯಾಗುತ್ತ ಬರುವುದರಿಂದ ಅವನ್ನು ಸರಾಸರಿ 90 ಮೀಟರು ಎತ್ತಿದಂತೆ ಹಿಡಿದು ಈ ಲೆಕ್ಕ. ಒಂದು ಲೀಟರು ಡೀಸೆಲು ಉರಿದರೆ ಸಿಗುವ ಶಕ್ತಿ ಸುಮಾರು 360 ಲಕ್ಷ ಜೂಲ್. ಅಂದರೆ ಪೋಲಾಗದೆ ಬಳಸಿದರೆ 25 ಮಿಲಿಲೀಟರು, ಕಾಲು ಲೋಟ ಟೀಯಷ್ಟು ಡೀಸೆಲು ಸಾಕಿತ್ತು. ಟ್ರ್ಯಾಕ್ಟರಿನ ಹುಡುಗ ನಮ್ಮಿಂದ ಐದು ಲೀಟರಿನ ದುಡ್ಡು ತೆಗೆದುಕೊಂಡ. ಎಂಜಿನ್ನಿನ ಬಿಸಿ, ನಿಂತಲ್ಲೇ ಉರಿದದ್ದು, ಮೂವತ್ತು ಸಲ ಹಿಂದುಮುಂದು ಓಡಾಡಿದ್ದು ಎಲ್ಲವೂ ಅದರಲ್ಲಿದೆ ಎಂದು ನಾನು ತಕರಾರು ಮಾಡಲಿಲ್ಲ. ಮಧ್ಯಾಹ್ನ ಅವನ ಕಡೆಗೆ ಮುಕ್ಕಾಲಿ ಬೀಳಿಸಲು ಹೊರಟವನು ನಾನೇ ಅಲ್ಲವೇ.

ನಾಲ್ಕು ದಿನ ಬಿಟ್ಟು, ತಂತಿ ಸುತ್ತಿಸಿ ತಂದ ಮೋಟರನ್ನು ಇಳಿಸುವಾಗ ಅಕ್ಕನ ಮಗ ಇನ್ನೊಂದು ಪ್ರಶ್ನೆ ಇಟ್ಟ. ಕೊನೆಯ ಪೈಪೂ ಸೇರಿದ ಮೇಲೆ, ಎತ್ತುವುದಕ್ಕಿಂತ ಇಳಿಸುವಾಗ ಹಗ್ಗದ ಎಳೆತ ಕಡಿಮೆ ಇರುತ್ತದಲ್ಲವೇ ಎಂದು. ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಕಡಿಮೆಯಿಲ್ಲ. ವೇಗ ಬದಲಾಗದಿದ್ದಾಗ ಫಲಿತ ಬಲ ಸೊನ್ನೆಯಾಗಿರಬೇಕು, ಮೇಲಕ್ಕೆ ಹೋಗುತ್ತಿದ್ದರೂ ಕೆಳಕ್ಕೆ ಬರುತ್ತಿದ್ದರೂ ಹಗ್ಗ 7,840 ನ್ಯೂಟನ್ನನ್ನೇ ಹಿಡಿದಿರಬೇಕು. ಸಡಿಲ ಬಿಟ್ಟು ವೇಗ ಹೆಚ್ಚುತ್ತಿರುವಾಗ ಮಾತ್ರ ಎಳೆತ ಕಡಿಮೆ. ಇಳಿಯುತ್ತಿರುವುದನ್ನು ಗಕ್ಕನೆ ಬ್ರೇಕು ಹಾಕಿ ನಿಲ್ಲಿಸಿದರೆ ಹೆಚ್ಚು, ಏಕೆಂದರೆ ಆಗ ಚಲನೆ ಕೆಳಗಿನ ದಿಕ್ಕಿಗಿದ್ದರೂ ವೇಗೋತ್ಕರ್ಷ ಮೇಲಿನ ದಿಕ್ಕಿಗಿರುತ್ತದೆ. ಟ್ರ್ಯಾಕ್ಟರಿನ ಹುಡುಗ ಹಿಂದಕ್ಕೆ ಬರುತ್ತ ಒಂದು ಸಲ ಹಾಗೆ ಗಕ್ಕನೆ ನಿಲ್ಲಿಸಿದಾಗ ಹಗ್ಗ ಕಿರ್ರೆಂದಿತು, ಗುಂಡಿಯಲ್ಲಿದ್ದ ಕಾಲುಗಳ ಸುತ್ತ ಮಣ್ಣು ಒಂದು ಬೆರಳು ಬಿರುಕು ಬಿಟ್ಟಿತು. ತಾತ ಕಲ್ಲುಕೂಚದ ಸರಪಳಿಯನ್ನು ಮುಟ್ಟಿ ನೋಡಿ, “ನಿಧಾನಕ್ಕೆ ಬಿಡಪ್ಪಾ” ಎಂದು ಕೂಗಿದರು.